ಟ್ರಂಕಿನೊಳಗಿನ ಪಾದಗಳು

ಅಂಗಡಿ ಇಟ್ಟುಕೊಂಡವರು ಗಿರಾಕಿ ಬಾರದಿದ್ದರೆ ಹೇಗೋ ತಡೆದುಕೊಳ್ಳುತ್ತಾರೆ. ಆದರೆ ಕೆಲಸವಿಲ್ಲದೆ ಕೈಕಟ್ಟಿ ಕೂತಿರುವಾಗ ಬೀದಿಯಲ್ಲಿ ಹೋಗುವವರು ಕತ್ತು ತಿರುಗಿಸಿ ನೋಡುತ್ತಾರಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟ. ಬೂಟು ಮೇಸ್ತ್ರಿಗೂ ಹಾಗೇ ಆಯಿತು. ಮೂರು ದಿನ ಆ ನೋಟ ಸಹಿಸಿದ. ನಾಲ್ಕನೆಯ ದಿನ ಎದ್ದು ಹೋಗಿ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು ಒಳಗೆ ಬಂದು ಕೂತ. ಕೂತವನಿಗೆ ಹಾಯೆನಿಸಿತು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಮೇಸ್ತ್ರಿ ಮೈಗಳ್ಳನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅಪ್ಪನ ಕೈಕೆಳಗೆ ಕಲಿತು ಇಪ್ಪತ್ತೆರಡು ವರ್ಷದಿಂದ ಅದೇ ಅಂಗಡಿಯಲ್ಲಿ ಬೂಟು, ಚಪ್ಪಲಿ ಮಾಡುತ್ತಿದ್ದ. ತೊಗಲು ಕತ್ತರಿಸುವುದು, ಅಟ್ಟೆ ಕೂರಿಸುವುದು ಅವನ ಕೆಲಸ. ಮೇಲಿನ ಹೊಲಿಗೆಯೆಲ್ಲ ಹೆಂಡತಿಯದು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದಳು. ಮೇಸ್ತ್ರಿಯದು ಅಪ್ಪನಿಂದ ಬಂದ ಒಂದು ಪದ್ಧತಿ. ಹೊಸ ಗಿರಾಕಿ ಬಂದರೆ ಬರಿಗಾಲಲ್ಲಿ ಕಂದು ಕಾಗದದ ಮೇಲೆ ನಿಲ್ಲಿಸುತ್ತಿದ್ದ. ಪೆನ್ಸಿಲ್ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆಯುತ್ತಿದ್ದ. ಎಲ್ಲಿ ಗಂಟು, ಎಲ್ಲಿ ಆಣಿ, ಯಾವ ಕಾಲು ತುಸು ಉದ್ದ, ನಡೆಯುವಾಗ ಯಾವ ಹಿಮ್ಮಡಿಯ ಮೇಲೆ ಭಾರ ಬೀಳುತ್ತದೆ, ಎಲ್ಲವನ್ನೂ ಬದಿಯಲ್ಲಿ ಬರೆಯುತ್ತಿದ್ದ. ಮೂಲೆಯಲ್ಲಿ ಹೆಸರು, ವಿಳಾಸ, ತಾರೀಖು. ಆ ಹಾಳೆ ಒಂದು ತಗಡಿನ ಟ್ರಂಕಿಗೆ ಹೋಗುತ್ತಿತ್ತು. ಒಮ್ಮೆ ಕಾಲು ಬರೆಸಿದವರು ಮತ್ತೆ ಬರೆಸಬೇಕಾಗಿಲ್ಲ ಎನ್ನುವುದು ಅವನ ಹೆಮ್ಮೆ.

ಕಾಲ ಕೆಟ್ಟಿತು. ಊರಿನ ದೊಡ್ಡ ಕಾರ್ಖಾನೆ ಮೂರು ಪಾಳಿಯನ್ನು ಒಂದಕ್ಕೆ ಇಳಿಸಿತು. ಪಾಳಿ ಹೋದವರು ಕೈ ಬಿಗಿಹಿಡಿದರು, ಪಾಳಿ ಉಳಿದವರೂ ನಾಳೆ ಏನೋ ಎಂದು ಬಿಗಿಹಿಡಿದರು. ಹೊಸ ಬೂಟು ಬೇಕೆಂದು ಬರುವವರು ನಿಂತೇಹೋದರು. ಮೇಸ್ತ್ರಿ ತನ್ನ ಬುದ್ಧಿಗೆ ತೋಚಿದಂತೆ ಖರ್ಚು ಕಡಿಮೆ ಮಾಡಿದ. ಬೋರ್ಡಿನ ದೀಪ ಆರಿಸಿದ. ಧೂಳು ಕೂತು ಹಾಳಾಗುತ್ತದೆಂದು ಮುಂದಿನ ಗಾಜಿನ ಕಪಾಟಿನಲ್ಲಿದ್ದ ಬೂಟುಗಳನ್ನು ತೆಗೆದು ಡಬ್ಬಕ್ಕೆ ಹಾಕಿದ. ಆಮೇಲೆ ಶಟರ್ ಅರ್ಧಕ್ಕೆ ಬಂತು. ಒಂದೊಂದನ್ನೇ ನೋಡಿದರೆ ತಪ್ಪೇನಿಲ್ಲ. ಎಲ್ಲ ಸೇರಿಸಿ ಬೀದಿಯಿಂದ ನೋಡಿದರೆ ಹೇಗೆ ಕಾಣುತ್ತದೆ ಎನ್ನುವುದು ಮಾತ್ರ ಅವನ ತಲೆಗೆ ಹೋಗಲೇ ಇಲ್ಲ. ಅವನು ಕೂತಿದ್ದದ್ದು ಒಳಗೆ.

ಒಂದು ಮಧ್ಯಾಹ್ನ ಪಕ್ಕದ ಬೇಕರಿಯವನು ಬಗ್ಗಿಕೊಂಡು ಒಳಗೆ ಬಂದ. ಅವನನ್ನು ಎಲ್ಲರೂ ಬ್ರೆಡ್ಡಣ್ಣ ಎನ್ನುತ್ತಾರೆ; ಒಳ್ಳೆಯ ಮನುಷ್ಯ. ತಲೆ ಕೆರೆಯುತ್ತ, ಸಂಕೋಚದಿಂದಲೇ ಕೇಳಿದ: "ಮೇಸ್ತ್ರಿ, ತಪ್ಪು ತಿಳ್ಕೋಬೇಡಿ. ಖಾಲಿ ಮಾಡೋ ಹಾಗಿದ್ರೆ ನಂಗೆ ಮೊದ್ಲು ಹೇಳಿ. ನಂಗೂ ಜಾಗ ಸಾಲ್ತಾ ಇಲ್ಲ."

ಖಾಲಿ ಮಾಡುವ ಯೋಚನೆಯೇ ಮೇಸ್ತ್ರಿಗೆ ಬಂದಿರಲಿಲ್ಲ. ಆದರೂ ಮುಖದ ಮೇಲೆ ತೋರಿಸದೆ, ತಿಂಗಳ ಕೊನೆಗೆ ಹೇಳುತ್ತೇನೆಂದ. ಹೇಳಿದ ಮೇಲೆ ಯೋಚನೆ ಹತ್ತಿತು. ಅಂಗಡಿ ಬಿಟ್ಟರೆ ಅವನಿಗೆ ಬೇರೆ ಏನೂ ಬರದು. ಎಲ್ಲೋ ಗೇಟಿನ ಮುಂದೆ ಕಾವಲು ಕೂರಬಹುದು, ಅಷ್ಟೆ. ಈ ಮಾತನ್ನು ಮನೆಯಲ್ಲಿ ಎತ್ತಲಿಲ್ಲ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೋಗುವುದು, ಸಂಜೆ ಖಾಲಿ ಡಬ್ಬಿ ತರುವುದು, ಹೊಲಿಯಲು ಏನೂ ಬರುತ್ತಿಲ್ಲವಲ್ಲ ಎಂದು ಹೆಂಡತಿ ಕೇಳಿದರೆ ಬರುತ್ತೆ, ಪರವಾಗಿಲ್ಲ ಎನ್ನುವುದು, ಹೀಗೆ ದಿನ ತಳ್ಳಿದ.

ಗುಟ್ಟು ಬಯಲಾದದ್ದು ಹೆಂಡತಿಯ ತಂಗಿಯಿಂದ. ಅವಳು ಅಂಚೆಯವಳು. ದಿನವೂ ಚೀಲ ಹೊತ್ತು ಅರ್ಧ ಊರು ನಡೆಯುವವಳು. ಅವಳ ಕಾಲಲ್ಲಿದ್ದದ್ದು ಮೇಸ್ತ್ರಿ ಮಾಡಿದ ಬೂಟು, ಎರಡು ಸಲ ಅಟ್ಟೆ ಬದಲಾಗಿತ್ತು. ಭಾನುವಾರ ಅಕ್ಕನ ಮನೆಗೆ ಬಂದು, ಬೂಟು ಬಿಚ್ಚಿ ಭಾವನ ಮುಂದಿಟ್ಟಳು.

"ಭಾವ, ಇದರ ಹಿಮ್ಮಡಿ ಸವೆದಿದೆ. ಅಂಗಡಿ ಮುಚ್ಚಿದ ಮೇಲೆ ರಿಪೇರಿ ಎಲ್ಲ ಮನೇಲೇನಾ?"

ಮನೆಯ ಹರಿದ ಬಟ್ಟೆ ಹೊಲಿಯುತ್ತಿದ್ದ ಮಿಷನ್ನಿನ ಸದ್ದು ನಿಂತಿತು. ಮೇಸ್ತ್ರಿಯ ಹೆಂಡತಿ ತಲೆಯೆತ್ತಿ, ಯಾರು ಹೇಳಿದ್ದೆಂದು ಕೇಳಿದಳು.

"ಯಾರು ಹೇಳಿಲ್ಲ ಅಂತ ಕೇಳಕ್ಕ. ಪಾಪ, ಒಳ್ಳೆ ಕೈಯಿತ್ತು, ಮುಚ್ಕೊಂಡು ಹೋದ್ರಂತೆ ಅಂತ ಮೂರು ಬೀದೀಲಿ ಮರುಗ್ತಾ ಇದಾರೆ. ನಿನ್ನೆ ಒಬ್ಬರು, ಈಗ ಎಲ್ಲಿದ್ದಾರೆ ನಿಮ್ಮ ಭಾವ ಅಂತ ಕೇಳಿದ್ರು."

ಮೇಸ್ತ್ರಿ ನೆಲ ನೋಡಿದ. ಆಮೇಲೆ ಒಂದೊಂದೇ ಹೊರಗೆ ಬಂತು: ದೀಪ, ಕಪಾಟು, ಶಟರ್, ಕೊನೆಗೆ ಬ್ರೆಡ್ಡಣ್ಣನಿಗೆ ಕೊಟ್ಟ ಮಾತು. ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳ ಕಣ್ಣು ತುಂಬಿತು.

"ಊರಿಗೆಲ್ಲ ಗೊತ್ತು. ನಂಗೊಬ್ಬಳಿಗೆ ಗೊತ್ತಿಲ್ಲ. ಆ ಅಂಗಡೀಲಿ ನನ್ನ ಹೊಲಿಗೆ ಇಲ್ವೇನ್ರೀ?"

ನಾಚಿಕೆಯಿಂದ ಮೇಸ್ತ್ರಿಯ ಮುಖ ಇಷ್ಟೇ ಇಷ್ಟಾಯಿತು. ಆ ನಾಚಿಕೆ ಮುಚ್ಚಲೋ ಏನೋ, ಜೋರು ಮಾಡಿದ. ತಾನೇನು ಬೀದಿಯಲ್ಲಿ ನಿಂತು ಬನ್ನಿ ಬನ್ನಿ ಎಂದು ಕೂಗಬೇಕೇ? ಅಪ್ಪ ಒಂದು ದಿನವೂ ಯಾರನ್ನೂ ಕರೆದವರಲ್ಲ. ಕೈಯಲ್ಲಿ ಕೆಲಸವಿದ್ದರೆ ಜನ ಹುಡುಕಿಕೊಂಡು ಬರುತ್ತಾರೆ.

"ಹುಡುಕ್ಕೊಂಡು ಬಂದೋರಿಗೆ ಅರ್ಧ ಶಟರ್ ಕಾಣುತ್ತೆ, ಭಾವ," ಎಂದಳು ನಾದಿನಿ. "ಬಗ್ಗಿ ಒಳಗೆ ಇಣುಕೋಕೆ ಅವರೇನು ಕಳ್ಳರಾ?"

ಹೆಂಡತಿಗೆ ಅಳುವಿನ ನಡುವೆಯೂ ನಗು ಬಂತು. ಮೇಸ್ತ್ರಿಗೆ ಬರಲಿಲ್ಲ. ಪಾಳಿ ಕಳೆದುಕೊಂಡವರ ಮನೆಗೆ ಹೋಗಿ ಹೊಸ ಬೂಟು ಕೊಳ್ಳಿ ಎಂದರೆ ಅವರು ಉಗಿಯುತ್ತಾರೆ ಎಂದ. ಅದರಲ್ಲಿ ಸತ್ಯವಿತ್ತು. ನಾದಿನಿಯೂ ಅಲ್ಲಗಳೆಯಲಿಲ್ಲ. ಆದರೆ ಅವಳು ದಿನಕ್ಕೆ ನೂರಾರು ಬಾಗಿಲ ಮುಂದೆ ನಿಲ್ಲುವವಳು. ಬಾಗಿಲು ತೆರೆಯುವ ತನಕ ಅವಳ ಕಣ್ಣು ಬೀಳುವುದು ಹೊಸ್ತಿಲ ಬಳಿ ಬಿಟ್ಟಿರುವ ಬೂಟು, ಚಪ್ಪಲಿಗಳ ಮೇಲೆ. ಈ ವರ್ಷ ಅವೆಲ್ಲ ಹೇಗಾಗಿವೆ ಎಂದು ಅವಳು ಹೇಳುತ್ತ ಹೋದಳು. ಬಸ್ಸಿನ ಕಾಸು ಉಳಿಸಲು ಜನ ನಡೆಯುತ್ತಿದ್ದಾರೆ. ಹಿಮ್ಮಡಿ ಒಂದು ಕಡೆ ಸವೆದಿದೆ. ಬಾಯಿ ಬಿಟ್ಟ ಅಟ್ಟೆಗೆ ಯಾರೋ ತಂತಿ ಸುತ್ತಿದ್ದಾರೆ. ಮಕ್ಕಳ ಬೂಟಿನ ಹಿಂಭಾಗವನ್ನು ತುಳಿದು ತುಳಿದು ಚಪ್ಪಲಿ ಮಾಡಿಕೊಂಡಿದ್ದಾರೆ, ಕಾಲು ಬೆಳೆದಿದೆ, ಹೊಸದು ಬಂದಿಲ್ಲ.

"ಕೊಳ್ಳೋದು ನಿಲ್ಲಿಸಿದಾರೆ ಭಾವ, ನಡೆಯೋದು ನಿಲ್ಲಿಸಿಲ್ಲ. ಈಗ ಅವರಿಗೆ ಬೇಕಾಗಿರೋದು ಇರೋದನ್ನ ಇನ್ನೊಂದು ವರ್ಷ ಎಳೆಯೋದು. ಅದು ನಿಮ್ಮ ಕೈಲಾಗುತ್ತೆ ಅಂತ ಅವರಿಗೆ ಹೇಳೋರು ಯಾರು?"

ಮೇಸ್ತ್ರಿ ಈ ಮಾತನ್ನು ಕೇಳಿಸಿಕೊಂಡ, ಒಪ್ಪಲಿಲ್ಲ. ಕೊನೆಗೆ ತನ್ನದೇ ಒಂದು ಉಪಾಯ ತೆಗೆದ: ಎಲ್ಲಕ್ಕೂ ಅರ್ಧ ಬೆಲೆ ಎಂದು ದೊಡ್ಡ ಬೋರ್ಡ್ ಹಾಕಿಬಿಡೋಣ. ಈ ಸಲ ತಡೆದದ್ದು ಹೆಂಡತಿ. ಹೋದ ವರ್ಷ ಪೂರ್ತಿ ಬೆಲೆ ಕೊಟ್ಟವರು ಏನಂದುಕೊಳ್ಳುತ್ತಾರೆ ಎಂದು ಕೇಳಿದಳು. ಅರ್ಧ ಬೆಲೆಗೆ ಒಳ್ಳೆಯ ತೊಗಲು ಎಲ್ಲಿಂದ ಬರುತ್ತದೆ? ಕೆಟ್ಟ ತೊಗಲು ಹಾಕಿದರೆ ಆರು ತಿಂಗಳಲ್ಲಿ ಹರಿಯುತ್ತದೆ, ಅದರ ಜೊತೆ ಹೆಸರೂ ಹೋಗುತ್ತದೆ. ಅಲ್ಲದೆ ಮುಚ್ಚುವ ಅಂಗಡಿಯವರೇ ಅಂಥ ಬೋರ್ಡ್ ಹಾಕುವುದು; ಊರು ಆಡುವ ಮಾತಿಗೆ ತಾವೇ ಮೊಹರು ಒತ್ತಿದ ಹಾಗಾಗುತ್ತದೆ. ಬೆಲೆ ಇಳಿಸುವುದು ಬೇಡ, ಕೆಲಸವನ್ನು ಸಣ್ಣದು ಮಾಡೋಣ ಎಂದಳು. ಹೊಸ ಜೋಡಿಯ ಬದಲು ಒಂದು ಅಟ್ಟೆ, ಒಂದು ಹಿಮ್ಮಡಿ, ಒಂದು ಹೊಲಿಗೆ.

ಎಲ್ಲ ಸರಿ, ಆದರೆ ಹೇಳುವುದು ಯಾರಿಗೆ? ಊರೆಲ್ಲ ಗೋಡೆಗೆ ಕಾಗದ ಅಂಟಿಸುವುದೇ? ಆಗ ನಾದಿನಿ ಮೂಲೆಯಲ್ಲಿದ್ದ ಟ್ರಂಕಿನ ಕಡೆ ಕೈ ತೋರಿಸಿದಳು. ಅಂಗಡಿಯಲ್ಲಿ ಹಾಳೆಗಳಿಗೆ ಗೆದ್ದಲು ಹಿಡಿದೀತೆಂದು ಮೇಸ್ತ್ರಿಯೇ ಅದನ್ನು ಮನೆಗೆ ತಂದಿಟ್ಟಿದ್ದ.

"ಅದರಲ್ಲಿ ಎಷ್ಟು ಜನ ಇದಾರೆ?"

ಮೂವರೂ ನೆಲದ ಮೇಲೆ ಕೂತು ಟ್ರಂಕು ಬಿಚ್ಚಿದರು. ಮೇಣದ, ಹಳೆಯ ಕಾಗದದ ವಾಸನೆ ಬಂತು. ಹಾಳೆ ಮೇಲೆ ಹಾಳೆ, ಪಾದದ ಪಕ್ಕ ಪಾದ. ಹೆಂಡತಿ ಬದಿಯ ಟಿಪ್ಪಣಿಗಳನ್ನು ಓದಿದಂತೆಲ್ಲ ಮೇಸ್ತ್ರಿಗೆ ಮುಖಗಳು ನೆನಪಾದವು. ಎಡಗಾಲ ಕಿರುಬೆರಳಿನಲ್ಲಿ ಆಣಿ ಇದ್ದ ಟೀಚರಮ್ಮ. ಬಲ ಹಿಮ್ಮಡಿಯ ಹೊರಗಡೆ ಸವೆಸುತ್ತಿದ್ದ ಕಾರ್ಖಾನೆಯ ಫಿಟ್ಟರ್, ಅವನ ಇಬ್ಬರು ಮಕ್ಕಳು. ಇಷ್ಟೊಂದು ಜನ ತನ್ನ ಮುಂದೆ ಬರಿಗಾಲಲ್ಲಿ ನಿಂತು ಹೋಗಿದ್ದಾರೆ, ಒಬ್ಬರಿಗಾದರೂ ಆಮೇಲೆ ಹೇಗಿದೆ ಎಂದು ತಾನು ಕೇಳಿದ್ದಿಲ್ಲ. ಅವನಿಗೆ ಅದು ಆಗ ಹೊಳೆಯಿತು, ಹೊಳೆದು ಬೇಸರವೂ ಆಯಿತು.

ಐದು ವರ್ಷದೊಳಗಿನ ಹಾಳೆಗಳನ್ನು ಬೇರೆ ಮಾಡಿದರು. ಮನೆಗೊಂದರಂತೆ ಅಂಚೆ ಕಾರ್ಡು ಬರೆಯುವುದೆಂದಾಯಿತು, ಅರವತ್ತಕ್ಕೆ ಎರಡು ಕಡಿಮೆ ಬೇಕಾದವು. ಹೆಂಡತಿಯ ಅಕ್ಷರ ದುಂಡಗಿತ್ತು, ಕಾರ್ಡು ಬರೆಯುವ ಕೆಲಸ ಅವಳ ಪಾಲಿಗೆ ಬಂತು. ಮೇಸ್ತ್ರಿ ಅಪ್ಪನ ಕಾಲದಿಂದ ಶುರು ಮಾಡಿ ಹೇಳಿಬರೆಸಲು ಹೊರಟ. ನಾದಿನಿ ತಡೆದಳು, ಬಾಗಿಲಲ್ಲಿ ನಿಂತು ಕಾರ್ಡು ಓದುವವರನ್ನು ಅವಳು ಕಂಡಿದ್ದಾಳೆ, ನಾಲ್ಕು ಸಾಲು ದಾಟಿದರೆ ಯಾರೂ ಓದುವುದಿಲ್ಲವಂತೆ. ಹಾಗಾಗಿ ಟೀಚರಮ್ಮನ ಕಾರ್ಡು ಹೀಗಾಯಿತು:

"ಮೂರು ವರ್ಷದ ಹಿಂದೆ ನಿಮಗೆ ಬೂಟು ಮಾಡಿಕೊಟ್ಟಿದ್ದೆವು. ಎಡಗಾಲ ಕಿರುಬೆರಳು ಈಗ ಹೇಗಿದೆ? ಹಿಮ್ಮಡಿ ಸವೆದಿದ್ದರೆ ಹೊಸದು ಬೇಡ, ಅದನ್ನೇ ತನ್ನಿ, ಸರಿ ಮಾಡಿಕೊಡುತ್ತೇವೆ. ಬೇಕರಿ ಪಕ್ಕದ ಅಂಗಡಿ ತೆರೆದೇ ಇದೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳು."

ಐವತ್ತೆಂಟು ಕಾರ್ಡಿನಲ್ಲೂ ಕೊನೆಯ ಸಾಲು ಒಂದೇ, ಮೊದಲಿನದು ಮಾತ್ರ ಬೇರೆ ಬೇರೆ. ಫಿಟ್ಟರನಿಗೆ, ದೊಡ್ಡವನಿಗೆ ಚಿಕ್ಕದಾದ ಬೂಟನ್ನು ಚಿಕ್ಕವನ ಕಾಲಿಗೆ ಹೊಂದಿಸಿಕೊಡುತ್ತೇವೆ ಎಂದು ಬರೆದರು. ಇದೊಂದು ಮಾತು ಹೊಳೆದದ್ದು ಸ್ವತಃ ಮೇಸ್ತ್ರಿಗೆ. ಹೆಂಡತಿ ಕತ್ತೆತ್ತಿ ಅವನನ್ನು ನೋಡಿದಳು. ಬೆಳಗಿನಿಂದ ಮೊದಲ ಸಲ ಆ ನೋಟದಲ್ಲಿ ಸಿಟ್ಟಿರಲಿಲ್ಲ.

ಸೋಮವಾರ ಕಾರ್ಡುಗಳು ಅಂಚೆಗೆ ಬಿದ್ದವು, ಶಟರ್ ಪೂರ್ತಿ ಮೇಲಕ್ಕೆ ಹೋಯಿತು. ಬೋರ್ಡಿನ ದೀಪ ಹತ್ತಿತು. ಮೇಸ್ತ್ರಿ ತನ್ನ ಕೆಲಸದ ಮಣೆಯನ್ನು ಒಳಗಿನಿಂದ ಬಾಗಿಲ ಹತ್ತಿರಕ್ಕೆ ಎಳೆದ. ಮಾಡಲು ಕೆಲಸವಿಲ್ಲದಿದ್ದರಿಂದ ತನ್ನದೇ ಹಳೆಯ ಬೂಟು ತೆಗೆದುಕೊಂಡು ಕೂತ. ಎಡಗಾಲಿನದಕ್ಕೆ ಹೊಸ ಅಟ್ಟೆ, ಹೊಸ ಹಿಮ್ಮಡಿ ಹಾಕಿ, ಬಣ್ಣ ಬಳಿದು ತಿಕ್ಕಿದ. ಬಲಗಾಲಿನದನ್ನು ಹಾಗೇ ಬಿಟ್ಟ, ಬಾಯಿ ತೆರೆದುಕೊಂಡೇ. ಎರಡನ್ನೂ ಗಾಜಿನ ಕಪಾಟಿನಲ್ಲಿ ಪಕ್ಕಪಕ್ಕ ಇಟ್ಟ. ಬೆಲೆಯ ಚೀಟಿ, ಬಣ್ಣದ ಕಾಗದ ಏನೂ ಇಲ್ಲ. ಹೋಗುವವರು ನೋಡಿದರು, ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ಬಂದು ಮತ್ತೊಮ್ಮೆ ನೋಡಿದರು.

ನೋಡಿದರು, ಅಷ್ಟೆ. ಮಂಗಳವಾರ ಯಾರೂ ಬರಲಿಲ್ಲ. ಬುಧವಾರ, ಗುರುವಾರವೂ ಇಲ್ಲ. ಬಂದದ್ದು ನಾದಿನಿ ಒಬ್ಬಳೇ, ಅದೂ ವಾಪಸಾದ ಏಳು ಕಾರ್ಡು ಹಿಡಿದುಕೊಂಡು. "ವಿಳಾಸದಾರರು ಇಲ್ಲ" ಎಂದು ಸರ್ಕಾರಿ ಗತ್ತಿನಲ್ಲಿ ಹೇಳಿ, ಭಾವನ ಮುಖ ನೋಡಿ ತಮಾಷೆ ಸಾಕುಮಾಡಿದಳು. ಮೇಸ್ತ್ರಿಯ ಕಣ್ಣು ಮತ್ತೆ ಮತ್ತೆ ಶಟರಿನ ಕೊಕ್ಕೆಯ ಮೇಲೆ ಹೋಗುತ್ತಿತ್ತು. ಎಳೆದುಬಿಟ್ಟರೆ ಈ ನೋಟಗಳು ತಪ್ಪುತ್ತವೆ. ಎದ್ದೂಬಿಟ್ಟ. ಆದರೆ ಈ ಅಂಗಡಿಯಲ್ಲಿ ನಿನ್ನ ಹೊಲಿಗೆಯೂ ಇದೆ ಎಂದು ಹೆಂಡತಿಗೆ ಹೇಳಬೇಕಿತ್ತು, ಹೇಳಿರಲಿಲ್ಲ. ಅದು ನೆನಪಾಗಿ ಮತ್ತೆ ಕೂತ.

ಶುಕ್ರವಾರ ಟೀಚರಮ್ಮ ಬಂದರು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಮೂರು ಜೋಡಿ. ಕಾರ್ಡನ್ನು ಮಣೆಯ ಮೇಲಿಟ್ಟು ಹೇಳಿದರು:

"ನನ್ನ ಕಿರುಬೆರಳಿನ ಸುದ್ದಿ ನನ್ನ ಮಕ್ಕಳೇ ಕೇಳಲ್ಲ, ಮೇಸ್ತ್ರಿ. ನೀವು ಕೇಳಿದ್ರಿ. ನಾನು ಅಂಗಡಿ ಮುಚ್ಚಿತು ಅಂದ್ಕೊಂಡು ಈ ಹಾಳಾದ್ದನ್ನೇ ಹಾಕ್ಕೊಂಡು ಕಾಲು ನೋಯಿಸ್ಕೋತಾ ಇದ್ದೆ."

ಮೇಸ್ತ್ರಿ ಚೀಲದಿಂದ ಒಂದು ಬೂಟು ತೆಗೆದು ತಿರುಗಿಸಿ ಹಿಮ್ಮಡಿ ನೋಡಿದ.

ಆಮೇಲೆ ಒಮ್ಮೆಲೇ ಜನ ಮುಗಿಬಿದ್ದರು ಎಂದರೆ ಅದು ಸುಳ್ಳು. ದಿನಕ್ಕೆ ಒಬ್ಬರು, ಇಬ್ಬರು, ಒಂದು ದಿನ ಐವರು. ಬಂದವರನ್ನೆಲ್ಲ, ನಮ್ಮ ವಿಷಯ ಹೇಗೆ ತಿಳಿಯಿತು ಎಂದು ಕೇಳಬೇಕೆಂದು ನಾದಿನಿ ಕಟ್ಟುನಿಟ್ಟು ಮಾಡಿದ್ದಳು. ಮೇಸ್ತ್ರಿಗೆ ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಕೇಳತೊಡಗಿದ ಮೇಲೆ ಅವನಿಗೇ ಕುತೂಹಲ ಹುಟ್ಟಿತು. ಹೆಚ್ಚಿನವರನ್ನು ಕರೆತಂದದ್ದು ಕಾರ್ಡು. ಕೆಲವರನ್ನು ಕಪಾಟಿನ ಆ ಜೋಡಿ ಬೂಟು. ಆದರೆ ಮೂವರಿಗೆ ಟೀಚರಮ್ಮ ಹೇಳಿದ್ದರು, ಆ ಮೂವರಲ್ಲಿ ಒಬ್ಬರು ಮತ್ತಿಬ್ಬರಿಗೆ ಹೇಳಿದ್ದರು. ಫಿಟ್ಟರ್ ಹಳೆಯ ಬೂಟು ತಂದು, ಹೊಂದಿಸಿಕೊಂಡು ಹೋದ ಮೂರನೆಯ ದಿನ, ಪಾಳಿ ಹೋದ ತನ್ನ ಸ್ನೇಹಿತನನ್ನು ಕರೆತಂದ. ಹೊಸ ಜೋಡಿಗಳು ಮೊದಲಿನಷ್ಟು ಹೋಗಲಿಲ್ಲ, ನಿಜ. ರಿಪೇರಿ ಕೆಲಸ ಮಾತ್ರ ಮಣೆಯ ಮೇಲೆ ಕೂತೇ ಇರತೊಡಗಿತು. ಮನೆಯಲ್ಲಿ ಮಿಷನ್ನಿನ ಸದ್ದು ಮತ್ತೆ ಸಂಜೆಯ ತನಕ ಕೇಳಿಸಿತು. ಮೇಸ್ತ್ರಿ ಒಂದು ಸಂಜೆ ಅದರ ಪಕ್ಕ ನಿಂತು, "ಟೀಚರಮ್ಮ ನಿನ್ನ ಹೊಲಿಗೇನ ಹೊಗಳಿದ್ರು ಕಣೇ," ಎಂದ. ಅವಳು ದಾರ ಕಚ್ಚಿ ಕಡಿದು, ಹೂಂ ಎಂದಳು. ಅದು ಸಾಕಿತ್ತು.

ತಿಂಗಳ ಕೊನೆಯ ದಿನ ಬ್ರೆಡ್ಡಣ್ಣ ಬಂದ. ಈ ಸಲ ಬಗ್ಗಬೇಕಾಗಿರಲಿಲ್ಲ. ಮಣೆಯ ಮೇಲಿನ ಕೆಲಸ ನೋಡಿದ, ಕಾಯುತ್ತ ಕೂತಿದ್ದ ಇಬ್ಬರನ್ನು ನೋಡಿದ, ಉತ್ತರ ಅವನಿಗೆ ಆಗಲೇ ಸಿಕ್ಕಿತ್ತು. ಆದರೂ ಮಾತು ಕೊಟ್ಟಾಗಿದೆಯಲ್ಲ ಎಂದು ಕೇಳಿದ. ಅಂಗಡಿ ಬಿಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದ ಮೇಸ್ತ್ರಿ. ಹೇಳುವಾಗ ಅವನ ಕಣ್ಣು ಬ್ರೆಡ್ಡಣ್ಣನ ಕಾಲಿನ ಮೇಲೆ ಬಿತ್ತು. ಬೆಳಿಗ್ಗೆ ನಾಲ್ಕರಿಂದ ಒಲೆಯ ಮುಂದೆ ನಿಲ್ಲುವ ಕಾಲು. ಊದಿಕೊಂಡಿತ್ತು. ತೆಳ್ಳನೆಯ ರಬ್ಬರ್ ಚಪ್ಪಲಿ, ಒಂದರ ಪಟ್ಟಿಗೆ ಸೇಫ್ಟಿ ಪಿನ್ನು.

ಮೇಸ್ತ್ರಿ ಒಂದು ಕಂದು ಹಾಳೆ ತೆಗೆದು ನೆಲಕ್ಕೆ ಹಾಸಿದ.

"ಚಪ್ಪಲಿ ಬಿಟ್ಟು ಇದರ ಮೇಲೆ ನಿಲ್ಲಿ."

ಬ್ರೆಡ್ಡಣ್ಣ ನಿಂತ. ಪೆನ್ಸಿಲ್ ಹಿಮ್ಮಡಿಯ ಸುತ್ತ ಹೋಗುವಾಗ ಕಚಗುಳಿಯಾಗಿ ನಕ್ಕ. ನಗು ಮುಗಿದ ಮೇಲೆ ಮೆಲ್ಲಗೆ ಹೇಳಿದ:

"ಎಂಟು ವರ್ಷದಿಂದ ಪಕ್ಕದಲ್ಲೇ ಇದ್ದೀನಿ, ಮೇಸ್ತ್ರಿ. ನೀವು ದೊಡ್ಡ ದೊಡ್ಡ ಬೂಟು ಮಾಡೋರು, ನನ್ನಂಥವನ ಕಾಲಿಗೆ ಮಾಡಲ್ಲ ಅಂದ್ಕೊಂಡಿದ್ದೆ. ಇವತ್ತಿನ ತನಕ ನೀವು ಕೇಳ್ಲೇ ಇಲ್ವಲ್ಲ."

ಪೆನ್ಸಿಲ್ ನಿಂತಿತು. ಮೇಸ್ತ್ರಿ ಬಗ್ಗಿಕೊಂಡೇ ಹಾಳೆಯ ಮೂಲೆಯಲ್ಲಿ ಬರೆದ: ಪಕ್ಕದ ಅಂಗಡಿ, ದಿನವಿಡೀ ನಿಂತು ಕೆಲಸ, ಅಟ್ಟೆ ದಪ್ಪ ಇರಲಿ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ಹೊಲಿಗೆ ಅಂಗಡಿ ಇರಬಹುದು, ಸೈಕಲ್ ರಿಪೇರಿ ಇರಬಹುದು, ನಾಲ್ಕು ಜನ ಹೆಂಗಸರು ಸೇರಿ ನಡೆಸುವ ಸಣ್ಣ ಕೈಕೆಲಸವೇ ಇರಬಹುದು. ಕಾಲ ಬಿಗಿಯಾದಾಗ ಎಲ್ಲರಿಗೂ ಮೊದಲು ಅನಿಸುವುದು ಬಚ್ಚಿಟ್ಟುಕೊಳ್ಳೋಣ ಎಂದು. ಖರ್ಚು ಉಳಿಸಿ, ಬೇಡ ಎನ್ನುವುದಿಲ್ಲ. ಆದರೆ ನೀವು ಇದ್ದೀರಿ ಎಂದು ಹೇಳುವ ದೀಪವನ್ನು ಆರಿಸಬೇಡಿ. ಇಂದೇ ಒಮ್ಮೆ ಬೀದಿಯ ಆಚೆ ಬದಿಗೆ ಹೋಗಿ ನಿಂತು ನಿಮ್ಮ ಅಂಗಡಿಯನ್ನು ನೀವೇ ನೋಡಿ, ತೆರೆದ ಹಾಗೆ ಕಾಣುತ್ತದೆಯೇ ಎಂದು. ನಿಮ್ಮ ಅಳತೆ ಪುಸ್ತಕವನ್ನೋ ಫೋನನ್ನೋ ಬಿಚ್ಚಿ ಹಳೆಯ ಗಿರಾಕಿಗಳನ್ನು ವಿಚಾರಿಸಿ, ಈಗ ಅವರಿಗೆ ಏನು ಬೇಕಾಗಿದೆ ಎಂದು ಕೇಳಿ, ನಿಮ್ಮ ಕೈಲಾಗುವುದನ್ನು ಹೇಳಿ. ನಾಲ್ಕು ದಿನ ಯಾರೂ ಬಾರದಿದ್ದರೆ ಐದನೆಯ ದಿನವೂ ತೆರೆದಿರಿ.

ಹಾಗೇ ಪಕ್ಕದವರನ್ನೂ ಒಂದು ಮಾತು ಕೇಳಿ. ಅವರು ಎಷ್ಟು ವರ್ಷದಿಂದ ಕಾಯುತ್ತಿದ್ದಾರೋ ಯಾರಿಗೆ ಗೊತ್ತು.